ಎಮ್ಮೆ ಚರ್ಮದ ಹೂಬಟ್ಟಲು

ಕನ್ನಡಕ ತಯಾರಾಗಿ ವಾರ ಕಳೆದಿತ್ತು. ಶಿರಾಳಕೊಪ್ಪದ ಬಸ್ ನಿಲ್ದಾಣದ ಹಿಂದಿರುವ ತನ್ನ ಪುಟ್ಟ ಕನ್ನಡಕದಂಗಡಿಯಲ್ಲಿ, ಗಾಜು ಒರೆಸುವ ಹಳದಿ ಬಟ್ಟೆಗಳ ಕೆಳಗೆ, ವೇದಾ ಅದನ್ನು ಅಡಗಿಸಿಟ್ಟಿದ್ದಳು. ಸೊರಬದ ಮನೆಯಲ್ಲಿ ಅತ್ತೆ ನಾಗವೇಣಿ ದಿನಾ ಸಂಜೆ 'ಲೆನ್ಸ್ ಬಂತನೇ?' ಎಂದು ಕೇಳುವುದು, ಇವಳು ಚಪ್ಪಲಿ ಬಿಡುತ್ತಲೇ 'ಶಿವಮೊಗ್ಗದಿಂದ ಇನ್ನೂ ಬೈಂದಿಲ್ಲೆ ಅತ್ತೆ' ಎನ್ನುವುದು, ಅತ್ತೆ ಪಾಪ, 'ಬರ್ಲಿ ಬಿಡು, ಅವ್ಕೂ ಎಷ್ಟು ಕೆಲ್ಸ ಇರ್ತೇನ' ಎಂದು ಆ ಕಾಣದ ಶಿವಮೊಗ್ಗದವರ ಮೇಲೆ ಕರುಣೆ ತೋರಿಸುವುದು. ಊರಿಗೆಲ್ಲ ಕಣ್ಣು ಕಾಣಿಸುವ ಹೆಂಗಸು ಸ್ವಂತ ಅತ್ತೆಯ ಕಣ್ಣಿಗೆ ಅಡ್ಡ ನಿಂತಿದ್ದಾಳಲ್ಲಪ್ಪಾ ಎಂದು ನೆನೆದರೆ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಗುತ್ತಿತ್ತು. ಆ ನಾಚಿಕೆಯ ಬೆನ್ನಿಗೇ ಹೊಟ್ಟೆಯೊಳಗಿಂದ ಒಂದು ನಗು ಗುಳುಗುಳು ಎಂದು ಏಳುತ್ತಿತ್ತು. ಈಗಲೂ ಎದ್ದಿತು. ಎದುರಿಗೆ ಕುರ್ಚಿಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದ ಮಲ್ಲೇಶಪ್ಪ ಎಂಬ ಗಿರಾಕಿ ಓದುವುದನ್ನು ನಿಲ್ಲಿಸಿ, 'ಯಾಕ್ರೀ ಅಮ್ಮಾ, ತಪ್ಪು ಓದಿದ್ನಾ?' ಎಂದ. 'ಇಲ್ಲ ಇಲ್ಲ, ಸರಿ ಇದೆ, ಕೆಳಗಿನ ಸಾಲು ಓದಿ' ಎಂದು ಅವಳು ಕೆಮ್ಮಿನ ನೆಪದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಓದಿದ್ದು ಪೂರಾ ತಪ್ಪಾಗಿತ್ತು.

ನಲವತ್ತೇಳರ ವಯಸ್ಸಿನಲ್ಲಿ ಹೀಗೆಲ್ಲ ನಗು ಬರಬಾರದು. ಆದರೆ ಚರ್ಮದ ಕೆಲಸ ಕಲಿಯಲು ಶುರುಮಾಡಿದಾಗಿನಿಂದ ಅವಳಿಗೆ ಹೀಗೇ, ತಲೆ ಸ್ವಲ್ಪ ತಿರುಗಿದ ಹಾಗೆ, ಯಾರೋ ಉಯ್ಯಾಲೆಯಲ್ಲಿ ಕೂರಿಸಿ ಹೇಳದೆ ಕೇಳದೆ ತೂಗಿಬಿಟ್ಟ ಹಾಗೆ. ಶುರುವಾಗಿದ್ದು ಅಂಗಡಿಯ ದೆಸೆಯಿಂದಲೇ. ಡಜನ್‌ಗಟ್ಟಲೆ ತರಿಸುತ್ತಿದ್ದ ಪ್ಲಾಸ್ಟಿಕ್ಕಿನ ಕನ್ನಡಕದ ಡಬ್ಬಿಗಳು ತಿಂಗಳೊಳಗೆ ಬಾಯಿ ಬಿಡುತ್ತಿದ್ದವು. ಬೇರೆ ಏನಾದರೂ ಸಿಗುತ್ತದಾ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಎರಡು ಕೈಗಳ ವಿಡಿಯೊ ಬಂತು. ಮುಖವಿಲ್ಲ, ಮಾತಿಲ್ಲ, ಬರೀ ಕೈ. ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ. ಈ ಕಡೆಯಿಂದ ಒಂದು ಸೂಜಿ ತೂತಿಗೆ ಹೋಗುತ್ತದೆ, ಅದೇ ತೂತಿಗೆ ಆ ಕಡೆಯಿಂದ ಇನ್ನೊಂದು, ಆಮೇಲೆ ಎರಡೂ ಕೈಗಳು ರೆಕ್ಕೆ ಬಿಚ್ಚಿದ ಹಾಗೆ ಅಗಲವಾಗಿ ಹೋಗಿ ದಾರ ಬಿಗಿಯುತ್ತವೆ. ಅಷ್ಟೇ. ಮತ್ತೆ ಮುಂದಿನ ತೂತು. ವೇದಾ ಆವತ್ತು ಊಟದ ತಟ್ಟೆಯ ಮುಂದೆ ಕೂತು, ಕೈ ಒಣಗಿಹೋಗುವ ತನಕ ಅದನ್ನೇ ನೋಡಿದ್ದಳು. ಇಷ್ಟು ವರ್ಷ ಅವಳ ಕೈಗಳು ಮಾಡಿದ್ದೆಲ್ಲ ಮೈಗೆ ಹತ್ತಿರದ ಕೆಲಸ: ಸ್ಕ್ರೂ ತಿರುಗಿಸುವುದು, ಹಿಟ್ಟು ನಾದುವುದು, ಹೂ ಕಟ್ಟುವುದು. ಒಂದು ಸಲವೂ ಕೈಗಳು ಹಾಗೆ ರೆಕ್ಕೆ ಬಿಚ್ಚಿದ್ದಿಲ್ಲ.

ಚರ್ಮ ಕಾನ್ಪುರದಿಂದ ಕೊರಿಯರಿನಲ್ಲಿ ಬಂತು. ಅಂಗಡಿಯ ವಿಳಾಸಕ್ಕೆ ತರಿಸಿ, ಪಾರ್ಸೆಲ್ಲನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು, ಬಸ್ಸಿನಲ್ಲಿ ಯಾರ ಮೈಗೂ ತಾಗದ ಹಾಗೆ ಸೊರಬಕ್ಕೆ ಒಯ್ದು, ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ ಬಿಚ್ಚಿದಳು. ಬಿಳಿಚು ಕಂದು ಬಣ್ಣ, ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ವಾಸನೆ ಬರುತ್ತದೆಂದು ಉಸಿರು ಕಟ್ಟಿದ್ದವಳು ಕೊನೆಗೆ ಉಸಿರೆಳೆದರೆ ಬಂದಿದ್ದು ಮರದ ತೊಗಟೆಯ, ಅಳಲೆಕಾಯಿಯ ವಾಸನೆ. ಗಂಡ ಮಾಬ್ಲೇಶ್ವರ, ಶಿಕಾರಿಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ಅವನೊಬ್ಬನಿಗೆ ಗೊತ್ತಿತ್ತು. ಇದು ತೊಗಟೆಯಲ್ಲಿ ಹದ ಮಾಡಿದ್ದು, 'ವೆಜಿಟೇಬಲ್ ಟ್ಯಾನ್ಡ್' ಅಂತಾರೆ ಎಂದು ಅವಳು ಸಮಜಾಯಿಷಿ ಕೊಟ್ಟಾಗ ಅವನು ಗಂಭೀರವಾಗಿ, 'ಅಂದ್ರೆ ಸಸ್ಯಾಹಾರಿ ಎಮ್ಮೆ. ಅಡ್ಡಿಲ್ಲೆ' ಎಂದಿದ್ದ. ಎಲ್ಲಾ ಎಮ್ಮೆಗಳೂ ಸಸ್ಯಾಹಾರಿಯೇ ಎಂದು ಹೊಳೆದು ಇಬ್ಬರೂ ನಕ್ಕೂ ನಕ್ಕೂ ಸುಸ್ತಾಗಿದ್ದರು. ಕೆಳಗಿನಿಂದ ಅತ್ತೆ, 'ಎಂತದ್ರಾ ಅದು?' ಎಂದು ಕೂಗಿದ್ದರು.

ಮಲ್ಲೇಶಪ್ಪ ಹೋದ. ಚೈತ್ರ ಚಹಾ ತಂದಿಟ್ಟಳು. ಚೈತ್ರ ಶಿಕಾರಿಪುರದ ಕಡೆಯ ಹುಡುಗಿ, ಅಂಗಡಿಯಲ್ಲಿ ಇವಳ ಜೊತೆ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಯಿತು, ಫ್ರೇಮು ರಿಪೇರಿಯಲ್ಲಿ ಎತ್ತಿದ ಕೈ. 'ಮೇಡಂ, ನಿಮ್ಮತ್ತೆ ಕನ್ನಡಕ ಡ್ರಾಯರ್‌ನಾಗೇ ಐತಲ್ರೀ, ಇವತ್ತರ ತಗಂಡೋಗ್ರಿ. ಮುದುಕಿ ಮೊನ್ನೆ ನನಗೇ ಫೋನ್ ಮಾಡಿದ್ರು, ಶಿವಮೊಗ್ಗದಾಗೆ ಮಳೆ ಜಾಸ್ತಿನಾ ಅಂತ ಕೇಳಿದ್ರು' ಎಂದಳು. ಇದನ್ನು ಕೇಳಿ ವೇದಾಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಇಷ್ಟು ದಿನ ಒಳಗೇ ಕುದ್ದಿದ್ದು ಉಕ್ಕಿಯೇಬಿಟ್ಟಿತು. ಬಾ ಇಲ್ಲಿ ಕೂತ್ಕೊ, ಹೇಳ್ತೀನಿ, ನಗಬೇಡ, ಎಂದು ಕಣ್ಣೊರೆಸಿಕೊಳ್ಳುತ್ತ ಶುರು ಮಾಡಿದಳು.

ಅವಳು ಮಾಡಿದ ಮೊದಲ ಸರಿಯಾದ ವಸ್ತು ಅಂದರೆ ಅದೇ: ಅಂಗೈ ಎರಡು ಸೇರಿಸಿದಷ್ಟು ಅಗಲದ, ನಾಲ್ಕು ಮೂಲೆಯ ಒಂದು ಬಟ್ಟಲು. ಚೌಕದ ಚರ್ಮವನ್ನು ನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಮೂಲೆಗಳನ್ನು ಚಿವುಟಿ ಎತ್ತಿ, ಹಲ್ಲಿನ ಉಳಿಯಿಂದ ತೂತು ಹೊಡೆದು, ಮೇಣ ಸವರಿದ ದಾರದಿಂದ ಎರಡು ಸೂಜಿಯ ಹೊಲಿಗೆ ಹಾಕಿದ್ದು. ಮೇಣ ಕ್ಯಾಸನೂರಿನ ಜೇನಿನವನಿಂದ ತಂದದ್ದು, ಉಳಿಯ ಕೆಳಗೆ ಇಡುವ ಕಲ್ಲು ಅಡುಗೆಕಟ್ಟೆ ಮಾಡಿಸುವಾಗ ಉಳಿದ ಗ್ರಾನೈಟಿನ ತುಂಡು. ಅಂಚಿಗೆ ಗೋಂದು ಬಳಿದು ಲಟ್ಟಣಿಗೆಯ ಹಿಡಿಯಿಂದ ಉಜ್ಜಿ ಉಜ್ಜಿ ಗಾಜಿನಷ್ಟು ನುಣ್ಣಗೆ ಮಾಡಿದ್ದಳು. ಬೇರೆಯದೇ ಲಟ್ಟಣಿಗೆ, ಚಪಾತಿಯದ್ದಲ್ಲ, ಅಷ್ಟು ನಿಯತ್ತು ಅವಳಲ್ಲಿತ್ತು. ಬೆರಳು ಚುಚ್ಚಿಕೊಂಡಿದ್ದಕ್ಕೆ ಲೆಕ್ಕವಿರಲಿಲ್ಲ. ಮುಗಿದಾಗ ಅದನ್ನು ತಲೆಯ ಮೇಲಿಟ್ಟುಕೊಂಡು ತಾರಸಿಯಲ್ಲಿ ಒಂದು ಸುತ್ತು ಹಾಕಿದ್ದಳು. ಕೆಳಗೆ ತಂದು, ಗಂಡನಿಗೆ ತೋರಿಸೋಣವೆಂದು ಊಟದ ಮೇಜಿನ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋಗಿದ್ದಷ್ಟೇ. ಬರುವಷ್ಟರಲ್ಲಿ ಅತ್ತೆಯ ಕೈಯಲ್ಲಿ ಅದು. ಆಗಿನ್ನೂ ಅತ್ತೆಯ ಎರಡೂ ಕಣ್ಣಿಗೆ ಪೊರೆ, ಆಪರೇಷನ್ ಆಗಿರಲಿಲ್ಲ. ಬೆರಳಿನಿಂದ ಸುತ್ತ ಸವರಿ, ಮುಖದ ಹತ್ತಿರ ತಂದು, 'ಇದೆಂತೇ, ಅಡಿಕೆ ಹಾಳೆಯ? ಎಷ್ಟು ಮೆತ್ತಗಿದ್ದು!' ಎಂದರು. ಆ ಕ್ಷಣದಲ್ಲಿ ವೇದಾಳ ಬಾಯಿ, ಅವಳನ್ನು ಕೇಳದೆ, 'ಹ್ಞಾ ಅತ್ತೆ' ಎಂದುಬಿಟ್ಟಿತು.

ತಪ್ಪೇನಿಲ್ಲ ಅತ್ತೆಯದ್ದು. ಕುಪ್ಪಗಡ್ಡೆಯಲ್ಲಿ ಹುಟ್ಟಿ ಬೆಳೆದವರು, ಚಿಕ್ಕಂದಿನಲ್ಲಿ ಅಡಿಕೆ ಮರದಿಂದ ಉದುರಿದ ಹಾಳೆಯಲ್ಲೇ ಉಂಡು, ಹಾಳೆಯ ಬೀಸಣಿಗೆಯಲ್ಲೇ ಗಾಳಿ ಬೀಸಿಕೊಂಡು, ಹಾಳೆಯ ಮೇಲೆ ಕೂತು ಜಾರಿ ಆಡಿದವರು. ಒದ್ದೆ ಮಾಡಿದರೆ ಬಾಗುವ, ಒಣಗಿದರೆ ಬಾಗಿದ ಹಾಗೇ ನಿಲ್ಲುವ, ಕಂದು ಬಣ್ಣದ ವಸ್ತು ಅವರ ಕೈಗೆ ಗೊತ್ತಿದ್ದದ್ದು ಒಂದೇ. ಅವರು ಅದನ್ನು ನೆಟ್ಟಗೆ ದೇವರ ಕೋಣೆಗೆ ಒಯ್ದರು. ಆವತ್ತಿನಿಂದ ದಿನಾ ಬೆಳಿಗ್ಗೆ ದಾಸವಾಳ, ನಂದಿಬಟ್ಟಲು, ತುಳಸಿ, ಗರಿಕೆ ಎಲ್ಲ ಆ ಎಮ್ಮೆ ಚರ್ಮದ ಬಟ್ಟಲಿನಲ್ಲಿ ಕೂತು ದೇವರ ಮುಂದೆ ಹೋಗುತ್ತಿದ್ದವು. ಮೊದಲ ದಿನ ವೇದಾ ದೇವರ ಕೋಣೆಯ ಕಡೆ ತಲೆಯೇ ಹಾಕಲಿಲ್ಲ. ಎರಡನೇ ದಿನ ಹೇಳಬೇಕೆಂದುಕೊಂಡಳು. ಆಮೇಲೆ ದೇವರೂ ಏನೂ ಅನ್ನಲಿಲ್ಲ, ಅತ್ತೆಯೂ ಪಕ್ಕದ ಮನೆಯವರಿಗೆಲ್ಲ ಕರೆಕರೆದು 'ನಮ್ಮನೆ ವೇದಾ ಹಾಳೇಲಿ ಹೊಲಿದಿದ್ದು' ಎಂದು ತೋರಿಸತೊಡಗಿದರು. ಹೆಮ್ಮೆ, ಹೆದರಿಕೆ, ನಗು ಮೂರೂ ಒಟ್ಟಿಗೆ ಬಂದರೆ ಮನುಷ್ಯ ಮಾಡುವುದಾದರೂ ಏನು? ಈಗ ಪೊರೆ ಹೋಯಿತು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ರಸ್ತೆಯಲ್ಲಿ ಹೋಗುವವರ ಹೆಸರು ಹಿಡಿದು ಕರೆಯುತ್ತಾರೆ. ಕೈಯಲ್ಲಿರುವುದು ಮಾತ್ರ ಮಬ್ಬು. ಹತ್ತಿರದ್ದು ಕಾಣಲು ಈ ಕನ್ನಡಕ ಬೇಕು. ಕನ್ನಡಕ ಹೋದರೆ ಬಟ್ಟಲು ಕಾಣುತ್ತದೆ, ಬಟ್ಟಲು ಕಂಡರೆ ಮುಗಿಯಿತು ಕತೆ.

ಚೈತ್ರ ನಕ್ಕಳು. ಬಟ್ಟಲು ತಲೆಯ ಮೇಲಿಟ್ಟುಕೊಂಡ ಕಡೆಯಲ್ಲಿ ಜೋರಾಗಿಯೇ ನಕ್ಕಳು. ಫೋಟೋ ಇದ್ರೆ ತೋರಿಸ್ರಿ ಎಂದು ಮೊಬೈಲು ಇಸಕೊಂಡು, ಬೆರಳಿನಿಂದ ದೊಡ್ಡದು ಮಾಡಿ ಮೂಲೆಗಳನ್ನೆಲ್ಲ ನೋಡಿದಳು. ನೋಡುತ್ತ ನೋಡುತ್ತ ಅವಳ ನಗು ಎಲ್ಲೋ ನಿಂತುಹೋಗಿದ್ದು ವೇದಾಗೆ ತಡವಾಗಿ ತಿಳಿಯಿತು.

'ಚಲೋ ಐತ್ರಿ' ಎಂದಳು ಚೈತ್ರ. 'ನಮ್ಮಜ್ಜ ಮೆಟ್ಟು ಹೊಲೀತಿದ್ರು ಮೇಡಂ. ನಿಮಗೆ ಹೇಳಿರಲಿಲ್ಲ ಅನ್ಸುತ್ತೆ. ನಮ್ಮಪ್ಪ ಅದು ಬ್ಯಾಡ ಅಂತಾನೇ ಹೊಲ ಮಾಡಾಕ್ಕೆ ಹೋದ್ರು.'

'ಹೌದಾ' ಎಂದಳು ವೇದಾ. ಅವಳ ಮುಖದ ಮೇಲೆ ನಗು ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

'ನೀವು ಕಲೀರಿ, ಅದ್ರಾಗೇನೈತಿ, ಖುಷೀನೇ. ಆದ್ರೆ ನೀವು ಹಾಳೆ ಅಂದ್ಬಿಟ್ರಿ, ಆಗೋತು. ನಮ್ಮಜ್ಜಂಗೆ ಹಂಗಿರಲಿಲ್ಲ ನೋಡ್ರಿ. ಆತನ ಕೈಯಾಗಿದ್ದದ್ದು ಚರ್ಮಾನೇ ಅಂತ ಊರಿಗೆಲ್ಲ ಗೊತ್ತಿತ್ತು.' ಅಷ್ಟು ಹೇಳಿ ಚಹಾದ ಲೋಟ ಎತ್ತಿಕೊಂಡು ತೊಳೆಯಲು ಹೋದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ಒಳ್ಳೆಯದಿತ್ತು, ಸಮಾಧಾನ ಹೇಳಬಹುದಿತ್ತು. ವೇದಾ ಕುರ್ಚಿಯಲ್ಲಿ ಕೂತೇ ಇದ್ದಳು. ಈ ಹುಡುಗಿಯನ್ನು ನಗಿಸಲು ಅವಳ ಅಜ್ಜನನ್ನೇ ಬಳಸಿಕೊಂಡಂತಾಯಿತಲ್ಲ, ಥೂ. ಕೆನ್ನೆಗೆ ಯಾರೋ ಮೆಲ್ಲಗೆ, ಪ್ರೀತಿಯಿಂದಲೇ ಹೊಡೆದ ಹಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಡ್ರಾಯರಿನ ಹಳದಿ ಬಟ್ಟೆಗಳನ್ನು ಸರಿಸಿ, ಕನ್ನಡಕ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಚೈತ್ರ ನೋಡಿಯೂ ನೋಡದವಳ ಹಾಗೆ ಗಾಜು ಒರೆಸುತ್ತಿದ್ದಳು.

ಸೊರಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಕನ್ನಡಕ. ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದ ಕೂಡಲೇ ಆ ಹಾಳು ನಗು ಮತ್ತೆ ಬಂತು, ಈ ಸಲ ಹೆದರಿಕೆಯಿಂದ. ವಾಕ್ಯಗಳನ್ನು ಜೋಡಿಸಿ ನೋಡಿದಳು. ಅತ್ತೆ, ಮದ್ದಲೆಯೂ ಚರ್ಮದ್ದೇ ಅಲ್ಲವಾ, ದೇವರ ಮುಂದೆ ಬಾರಿಸುವುದಿಲ್ಲವಾ? ಅತ್ತೆ, ಉಪನಯನದಲ್ಲಿ ವಟುವಿಗೆ ಜಿಂಕೆ ಚರ್ಮದ ಚೂರು ಕಟ್ಟುವುದಿಲ್ಲವಾ? ವಾದ ಚೆನ್ನಾಗಿತ್ತು, ಆದರೆ ಮದ್ದಲೆ ಒಳಗೆ, ಅದರ ಚರ್ಮ ಹದ ಮಾಡಿದವನು ಹೊರಗೆ; ಚೈತ್ರಳ ಮುಂದೆ ಹೇಳಿದ್ದರೆ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು. ಹಾಗಾದರೆ ನಾನು ಹೆದರುತ್ತಿರುವುದು ಎಂಥಕ್ಕೆ? ಅತ್ತೆ ಬೈದಾರು ಎಂದಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ ಬೈಸಿಕೊಂಡೇ ಬಂದವಳಿಗೆ ಅದು ಅಭ್ಯಾಸ. ಅತ್ತೆ ಅವಳನ್ನು ಹೊಗಳಿದ್ದು ಜೀವಮಾನದಲ್ಲಿ ಅದೊಂದೇ ಸಲ, ಆ ಬಟ್ಟಲಿಗೆ. ಅವಳ ಸಾರು, ಅವಳ ಅಂಗಡಿ, ಅವಳು ಹೆತ್ತ ಮಗಳು ಶ್ರೀರಂಜಿನಿ, ಯಾವುದೂ ಸರಿಬಂದಿರಲಿಲ್ಲ, ಬಟ್ಟಲು ಬಂತು. ಆ ಒಂದು ಹೊಗಳಿಕೆ ಸುಳ್ಳಿನ ಮೇಲೆ ಕೂತಿದೆ. ಎಳೆದರೆ ಬೀಳುತ್ತದೆ. ಅಷ್ಟರಲ್ಲಿ ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿ ಎಲ್ಲರೂ ಒಟ್ಟಿಗೆ 'ಹೋ' ಎಂದರು, ಅವಳೂ ಅಂದಳು.

ಮಾಬ್ಲೇಶ್ವರನ ಫೋನು ಬಂತು. 'ಇವತ್ತು ಹೇಳ್ಬಿಡ್ತಿ' ಎಂದಳು ವೇದಾ, ಪಕ್ಕದವರಿಗೆ ಕೇಳಿಸದ ಹಾಗೆ.

'ಇವತ್ತೇಯ?'

'ಇವತ್ತೇ.'

'ಹಂಗಾರೆ ಆನು ಲೇಟಾಗಿ ಬತ್ತಿ. ಸ್ಟಾಫ್ ಮೀಟಿಂಗ್ ಇದ್ದು.'

'ಮೀಟಿಂಗ್ ಎಲ್ಲಿದ್ದು, ಇವತ್ತು ಶನಿವಾರ!'

'ಈಗ ಮೀಟಿಂಗ್ ಕರೀತಿ' ಎಂದು ಅವನು ಫೋನಿಟ್ಟ. ಹೇಡಿ ನನ್ ಮಗ, ಎಂದುಕೊಂಡು ಅವಳು ಕಿಟಕಿಯ ಕಡೆ ತಿರುಗಿ ಭುಜ ಅಲ್ಲಾಡುವಷ್ಟು ನಕ್ಕಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ದೇವರ ಕೋಣೆಯ ಹೊಸ್ತಿಲ ಈಚೆ ಮಣೆ ಹಾಕಿಕೊಂಡು, ತೊಡೆಯ ಮೇಲೆ ಆ ಬಟ್ಟಲನ್ನೇ ಇಟ್ಟುಕೊಂಡು, ಸಂಜೆಯ ಮಲ್ಲಿಗೆಯನ್ನು ಬೆರಳಲ್ಲೇ ತಡಕಿ ಬಿಡಿಸುತ್ತಿದ್ದರು. 'ಲೆನ್ಸ್ ಬಂತನೇ?' ಎಂದರು, ತಲೆಯೆತ್ತದೆ, ಇಲ್ಲ ಎಂಬ ಉತ್ತರಕ್ಕೆ ತಯಾರಾಗಿಯೇ. 'ಬಂತು ಅತ್ತೆ' ಎಂದಾಗ ಅವರ ಕೈ ನಿಂತಿತು. ಎಂಬತ್ತರ ಹತ್ತಿರದ ಮುಖ ಹುಡುಗಿಯ ಮುಖದ ಹಾಗೆ ಅರಳಿದ್ದು ನೋಡಿ ವೇದಾಗೆ, ಅಯ್ಯೋ ಪಾಪಿ, ಒಂದು ವಾರ ಇದನ್ನು ಇವರಿಂದ ಕಿತ್ತಿಟ್ಟುಕೊಂಡೆಯಲ್ಲೇ ಎಂದು ಅಳು ಬಂತು. ಅಭ್ಯಾಸಬಲದಿಂದ ಕಣ್ಣಿಗೆ ಡ್ರಾಪ್ಸ್ ಹಾಕಿದಿರಾ ಎಂದು ಕೇಳಿದಳು. ಕಡೆಗೆ ಆಪರೇಷನ್ ಆದ ಎರಡನೇ ಕಣ್ಣು ಇನ್ನೂ ಸ್ವಲ್ಪ ಕೆಂಪಾಗುತ್ತಿತ್ತು. ಇನ್ನೊಂದು ವಾರ ತಲೆಗೆ ನೀರು ಹಾಕಬಾರದೆಂದು ಡಾಕ್ಟರು ಕಡ್ಡಾಯವಾಗಿ ಹೇಳಿದ್ದರು. ಮೊಣಕಾಲೂರಿ ಕೂತು, ಅಂಗಡಿಯಲ್ಲಿ ಯಾರ್ಯಾರಿಗೋ ಹಾಕುವ ಹಾಗೆಯೇ, ಎರಡೂ ಕಿವಿಯ ಹಿಂದೆ ಕಡ್ಡಿ ಸರಿಮಾಡಿ ಕನ್ನಡಕ ಹಾಕಿದಳು.

ಅತ್ತೆ ಮೊದಲು ನೋಡಿದ್ದು ಅವಳನ್ನು. ಬಹಳ ಹತ್ತಿರದಿಂದ, ಬಹಳ ಹೊತ್ತು. 'ನಿನ್ನ ಕೂದ್ಲು ಹಣ್ಣಾಗೋಯ್ದಲೇ' ಎಂದರು, ಹೊಸ ಸುದ್ದಿಯ ಹಾಗೆ. ಆಮೇಲೆ ತಮ್ಮ ಅಂಗೈ ನೋಡಿಕೊಂಡರು, ಸೀರೆಯ ಅಂಚು ನೋಡಿದರು, ಮಲ್ಲಿಗೆಯ ಒಂದು ಮೊಗ್ಗನ್ನು ಎತ್ತಿ ತೊಟ್ಟಿನ ಕಡೆಯಿಂದ ನೋಡಿದರು. ಕೊನೆಗೆ ಬಟ್ಟಲು. ಬಂತು, ಈಗ ಬಂತು. ಅತ್ತೆ ಹೂವನ್ನೆಲ್ಲ ಒಂದು ಬದಿಗೆ ಸರಿಸಿ, ಬಟ್ಟಲನ್ನು ಬೆಳಕಿಗೆ ಹಿಡಿದು, ಒಳಗೆ ಹೊರಗೆ ತಿರುಗಿಸಿ, ಹೆಬ್ಬೆರಳಿನಿಂದ ಅಂಚನ್ನು ಉಜ್ಜಿ, ಕನ್ನಡಕವನ್ನು ಮೂಗಿನ ಮೇಲೆ ಕೆಳಗಿಳಿಸಿ ಮೇಲೇರಿಸಿ, 'ಎಂತಾ ಚೊಲೋ ಹಾಳೆ ಮಾರಾಯ್ತಿ!' ಎಂದರು. 'ಈ ನಮ್ನಿ ಹಾಳೆ ಕುಪ್ಪಗಡ್ಡೇಲಿ ನಮ್ಮಪ್ಪನ ಕಾಲ್ದಲ್ಲೂ ಇತ್ತಿಲ್ಲೆ.'

ಬಚಾವಾದೆ. ಮೊದಲು ಮನಸ್ಸಿಗೆ ಬಂದದ್ದು ಅದೇ. ತಿಂಗಳುಗಟ್ಟಲೆ ಹೂವಿನ ನೀರು, ದೀಪದ ಎಣ್ಣೆ, ಕುಂಕುಮ ಕುಡಿದು ಚರ್ಮ ಕಪ್ಪಾಗಿ, ಸಣ್ಣ ಸಣ್ಣ ಗೆರೆ ಬಿದ್ದು, ನಿಜಕ್ಕೂ ಹಾಳೆಯೇ ಆಗಿಬಿಟ್ಟಿತ್ತು. ಸುಮ್ಮನಿದ್ದರೆ ಸಾಕು, ಇನ್ನು ಜನ್ಮದಲ್ಲಿ ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳನ್ನೆಲ್ಲ ನುಂಗಿಕೊಂಡು ಅಡುಗೆಮನೆಗೆ ಹೋಗಿ ಚಹಾಕ್ಕಿಡಬಹುದು. ಅವಳು ಎದ್ದೂ ಆಯಿತು. ಎರಡು ಹೆಜ್ಜೆ ಹೋದವಳಿಗೆ ಎಲ್ಲಿಂದಲೋ ಸಿಟ್ಟು ಬಂತು. ಎಂಥ ಸಿಟ್ಟು! ಹಾಳೆಯಂತೆ ಹಾಳೆ! ಪೊರೆ ತೆಗೆಸಿ, ಹೊಸ ಕನ್ನಡಕ ಹಾಕಿಸಿ, ಮುಖದ ಮುಂದೆ ಹಿಡಿದು ನೋಡಿದರೂ ಹಾಳೆ! ಬೆರಳು ತೂತು ಮಾಡಿಕೊಂಡದ್ದು, ತಪ್ಪಿದ ಹೊಲಿಗೆಯನ್ನು ಬಿಚ್ಚಿ ಬಿಚ್ಚಿ ಹಾಕಿದ್ದು, ಲಟ್ಟಣಿಗೆಯಲ್ಲಿ ಉಜ್ಜಿ ತೋಳು ಸೋತದ್ದು, ಎಲ್ಲವೂ ಮರದಿಂದ ಸುಮ್ಮನೆ ಬಿದ್ದ ಒಂದು ಹಾಳೆಯ ಪಾಲಿಗೆ ಹೋಗಬೇಕಾ? ಚೈತ್ರಳ ಮೆತ್ತನೆಯ ದನಿ ಕಿವಿಯಲ್ಲಿತ್ತು. ವೇದಾ ಗರ್ರನೆ ತಿರುಗಿದಳು.

'ಹಾಳೆ ಅಲ್ಲ ಅತ್ತೆ ಅದು! ಚರ್ಮ. ಎಮ್ಮೆ ಚರ್ಮ. ನಾನೇ ತರಿಸಿ, ನಾನೇ ಕೊಯ್ದು, ನಾನೇ ಹೊಲ್ದಿದ್ದು.'

ದನಿ ಬೇಕಾದ್ದಕ್ಕಿಂತ ಜೋರಾಯಿತು. ಅತ್ತೆ ಬಟ್ಟಲನ್ನು ಬಿಡಲಿಲ್ಲ. ಬಿಸಾಡುತ್ತಾರೆ ಎಂದುಕೊಂಡಿದ್ದಳು, ಇಲ್ಲ. ತೊಡೆಯ ಮೇಲೆ ಹಾಗೇ ಹಿಡಿದುಕೊಂಡು ಕನ್ನಡಕದೊಳಗಿಂದ ಇವಳನ್ನೇ ನೋಡಿದರು. ಆ ಗಾಜಿನೊಳಗೆ ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ವೇದಾ ಗಡಿಬಿಡಿಯಲ್ಲಿ ಮಾತಿಗೆ ಮದ್ದಲೆಯನ್ನು ತಂದಳು, ಉಪನಯನವನ್ನು ತಂದಳು, ಜಿಂಕೆಯನ್ನು ತಂದಳು, ಅಳಲೆಕಾಯಿಯನ್ನೂ ತಂದಳು. ಎಲ್ಲವೂ ಮುಗಿದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು, 'ಅದೆಲ್ಲ ಯಂಗೂ ಗೊತ್ತಿದ್ದು. ಆದ್ರೆ ಮದ್ಲೇನ ಯಾರೂ ಹಲಸಿನ ಹಣ್ಣು ಹೇಳಿ ತಂದು ಕೊಟ್ಟಿದ್ವಿಲ್ಲೆ. ನೀನು ಚರ್ಮ ಹೇಳಿದ್ರೆ ಆನು ಬೇಡ ಹೇಳ್ತಿದ್ದಿ, ಅಷ್ಟೇ ಆಗ್ತಿತ್ತು. ಹಾಳೆ ಹೇಳಿ ಎಂತಕ್ಕೆ ಹೇಳ್ದೆ?'

ಮಧ್ಯಾಹ್ನ ಚೈತ್ರ, ಸಂಜೆ ಅತ್ತೆ, ಇಬ್ಬರಿಗೂ ಬೇಜಾರಾಗಿದ್ದು ಒಂದೇ ಮಾತಿಗೆ. ಅತ್ತೆ ಮಲ್ಲಿಗೆಯನ್ನೆಲ್ಲ ಸೆರಗಿಗೆ ಸುರಿದುಕೊಂಡು, ಬಟ್ಟಲನ್ನು ಹೊಸ್ತಿಲಿಂದ ದೂರ, ಗೋಡೆಯ ಪಕ್ಕ ಇಟ್ಟು, ಮಂಡಿ ಹಿಡಿದುಕೊಂಡು ಎದ್ದರು. ಹಗ್ಗದ ಮೇಲಿದ್ದ ಒಗೆದ ಸೀರೆ ಎಳೆದುಕೊಂಡರು. 'ತಲೆಮೇಲೆ ಎರಡು ಚೊಂಬು ಹಾಕ್ಕಂಡು ಬತ್ತಿ' ಎಂದರು.

'ಅತ್ತೇ! ಕಣ್ಣು!'

'ಕಣ್ಣಿಗೆ ಎಂತಾಗ್ತು?'

'ಡಾಕ್ಟ್ರು ಎಂತ ಹೇಳಿದ್ದ? ನೀರು ಹೋದ್ರೆ ಎರಡು ಕಣ್ಣೂ ಹೋಗ್ತು!'

'ಡಾಕ್ಟ್ರ ಮನೆ ದೇವ್ರಿಗೆ ಎಮ್ಮೆ ಚರ್ಮದಲ್ಲಿ ಹೂ ಏರಿಸ್ತ್ವ?' ಎಂದು ಅತ್ತೆ ಬಚ್ಚಲಮನೆಯ ಕಡೆ ಹೊರಟೇಬಿಟ್ಟರು.

ವೇದಾ ಓಡಿ ಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು, ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದು. ಅತ್ತೆ ಎಡಗಡೆ ನುಗ್ಗಲು ನೋಡಿದರು, ಇವಳು ಎಡಕ್ಕೆ ಬಂದಳು. ಬಲಕ್ಕೆ, ಇವಳೂ ಬಲಕ್ಕೆ. ಕಬಡ್ಡಿಯ ಹಾಗೆ. ಆ ವಿಡಿಯೊದ ಹಾಗೆ ಕೈ ಅಗಲಿಸಿ ನಿಂತಿರುವುದು ತಾನೇ ಎಂದು ಅವಳಿಗೆ ಥಟ್ಟನೆ ತಿಳಿಯಿತು, ದಾರವೊಂದು ಇಲ್ಲ ಅಷ್ಟೇ. ಅಷ್ಟು ಹೆದರಿಕೆಯ ನಡುವೆ, ಶಿವನೇ, ನಗು ಬಂತು. ತಡೆಯಲು ಹೋಗಿ ಮೂಗಿನಿಂದ ಸದ್ದು ಬಂತು. 'ನಗ್ತ್ಯಾ? ನಗು ಬತ್ತಾ ನಿಂಗೆ?' ಎಂದರು ಅತ್ತೆ, ಸಿಟ್ಟಿನಿಂದ ಗಲ್ಲ ಕುಣಿಯುತ್ತಿತ್ತು. ನಗುತ್ತಲೇ ವೇದಾಗೆ ಅಳು ಬಂತು. 'ಕನ್ನಡಕ ಬಂದು ವಾರಾತು ಅತ್ತೆ. ನಾನೇ ಬಚ್ಚಿಟ್ಟಿದ್ದಿ. ನೀವು ನೋಡಿದ್ರೆ ಬೈತ್ರಿ ಹೇಳಿ ಅಲ್ಲ. ಆ ಬಟ್ಲು ಚೊಲೋ ಇದ್ದು ಹೇಳಿ ಹೇಳಿದ್ರಲ್ಲ, ಅದನ್ನ ವಾಪಸ್ ತಗತ್ರಿ ಹೇಳಿ' ಎಂದು ಮೂಗು ಸೋರಿಸುತ್ತ ಹೇಳಿದಳು.

ಅತ್ತೆ ಒಗೆದ ಸೀರೆಯನ್ನು ಹೆಗಲಿಗೇರಿಸಿಕೊಂಡರು. 'ಕುತ್ತಿಗೆಯಿಂದ ಕೆಳಗೆ' ಎಂದರು. ಚೌಕಾಸಿಯ ದನಿ.

'ತಲೆಗೆ ಒಂದು ಹನಿಯೂ ಬೇಡ.'

'ತುಳಸಿ ನೀರು ಒಂದು ಹನಿ. ನೆತ್ತಿ ಮೇಲೆ.'

'ಅದನ್ನ ನಾನೇ ಹಾಕ್ತಿ.'

'ನೀನು ಹಾಕ್ಲಾಗ. ನೀನೇ ಮೀಯವು ಮೊದ್ಲು' ಎಂದು ಅವಳನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಹಾಕಲಿಲ್ಲ.

ವೇದಾ ಬಾಗಿಲ ಹೊರಗೆ ನೆಲದ ಮೇಲೆ ಕುಸಿದು ಕೂತಳು. ಒಳಗೆ ಹಂಡೆಗೆ ಚೊಂಬು ತಾಗಿದ ಸದ್ದು. ಕಿವಿಗೊಟ್ಟು ಕೇಳಿದಳು: ನೀರು ಬಿದ್ದದ್ದು ತಲೆಯ ಮೇಲೋ ಹೆಗಲ ಮೇಲೋ? ಅತ್ತೆ ತಾವಾಗಿಯೇ 'ಹೆಗಲ ಮೇಲೆ ಹಾಕ್ಕಂಡಿ' ಎಂದು ಒಳಗಿನಿಂದ ಕೂಗಿದರು, ಸಿಟ್ಟಿನಲ್ಲೇ. ಗೋಡೆಯ ಪಕ್ಕ ಬಟ್ಟಲು ಖಾಲಿಯಾಗಿ ಕೂತಿತ್ತು, ಒಳಗೆ ಒಂದು ಮಲ್ಲಿಗೆಯ ಎಸಳು ಅಂಟಿಕೊಂಡಿತ್ತು. ನಾಳೆ ಬೆಳಿಗ್ಗೆ ದೇವರ ಮುಂದೆ ಸ್ಟೀಲಿನ ತಟ್ಟೆ ಬರುತ್ತದೆ, ಪಕ್ಕದ ಮನೆಯವರಿಗೆ ಇನ್ನು ತೋರಿಸುವುದಿಲ್ಲ, ಆ ಒಂದು ಹೊಗಳಿಕೆಯೂ ಹೋಯಿತು. ಹೋಗಲಿ. ಸೋಮವಾರ ಚೈತ್ರಳಿಗೆ ಹೇಳಬಹುದು, ಹೇಳಿದೆ ಕಣೇ, ಚರ್ಮ ಅಂತಲೇ ಹೇಳಿದೆ. ಅವಳು ನಗುತ್ತಾಳೋ ಇಲ್ಲವೋ.

ಬಾಗಿಲು ಒಂದಿಷ್ಟು ತೆರೆಯಿತು. ಸಂದಿಯಿಂದ ಒದ್ದೆ ಕೈಯೊಂದು ಹೊರಗೆ ಬಂತು, ಅದರಲ್ಲಿ ಕನ್ನಡಕ, ಗಾಜಿನ ತುಂಬ ಹನಿ.

'ಹಿಡಿಯೇ ಇದ್ನ. ಹಾಕ್ಕಂಡೇ ನೀರು ಹಾಕ್ಕಂಡಿ, ಎಂತೂ ಕಾಣ್ತಿಲ್ಲೆ. ಒರೆಸಿ ಇಡು. ನೆಲದ ಮೇಲೆ ಇಡಡ, ಯಾರಾರೂ ತುಳಿತ.'

ವೇದಾ ತೆಗೆದುಕೊಂಡಳು. 'ಎಲ್ಲಿಡ್ಲಿ ಅತ್ತೆ?'

ಕೈ ಇನ್ನೂ ಸಂದಿಯಲ್ಲೇ ಇತ್ತು, ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

'ಅಲ್ಲೇ, ನಿನ್ನ ಎಮ್ಮೆ ಚರ್ಮದ ಬಟ್ಲು ಇದ್ದಲೇ, ಅದ್ರಲ್ಲಿಡು. ದೇವ್ರಿಗೆ ಆಗ್ತಿಲ್ಲೆ' ಎಂದರು ಅತ್ತೆ. 'ಯಂಗೆ ಆಗ್ತು, ಯನ್ನ ಕನ್ನಡಕಕ್ಕೆ.'

ಕೈ ಒಳಗೆ ಹೋಯಿತು. ವೇದಾ ಸೆರಗಿನಿಂದ ಗಾಜು ಒರೆಸತೊಡಗಿದಳು.